ಯಾರ ನಾಳೆ

ಆ ಮನೆಯಲ್ಲಿ ಯಾರಾದರೂ ‘ನಾಳೆ’ ಅಂದರೆ ಸಾಕು, ಇನ್ನೊಬ್ಬರು ತಕ್ಷಣ ‘ಯಾರ ನಾಳೆ?’ ಎಂದು ಕೇಳುತ್ತಿದ್ದರು. ಹೊಸದಾಗಿ ಬಂದ ನೆಂಟರು ಇದೊಂದು ತಮಾಷೆ ಎಂದುಕೊಂಡು ನಗುತ್ತಿದ್ದರು. ಮನೆಯವರಿಗೆ ಮಾತ್ರ ಅದು ‘ಉಪ್ಪು ಸಾಕಾ?’ ಎಂದು ಕೇಳುವಷ್ಟೇ ಸಹಜವಾದ, ಅಷ್ಟೇ ಅಗತ್ಯವಾದ ಪ್ರಶ್ನೆ.

ಯಜಮಾನ ಬಾಟಲಿ ಕಾರ್ಖಾನೆಯಲ್ಲಿ ಕುಲುಮೆ ಕಾಯುವವನು. ಗಾಜಿನ ಕುಲುಮೆಗೆ ರಜೆ ಎಂಬುದಿಲ್ಲ. ಒಮ್ಮೆ ಆರಲು ಬಿಟ್ಟರೆ ಒಳಗಿನ ಗಾಜೆಲ್ಲ ಬಂಡೆಯ ಹಾಗೆ ಗಟ್ಟಿಯಾಗಿ, ಕುಲುಮೆಯನ್ನೇ ಒಡೆದು ಹೊಸದಾಗಿ ಕಟ್ಟಬೇಕಾಗುತ್ತದೆ. ಹಾಗಾಗಿ ಬೆಂಕಿಯ ಜೊತೆ ಮನುಷ್ಯರೂ ಸರದಿಯಂತೆ ಎಚ್ಚರವಿರುತ್ತಿದ್ದರು. ಒಂದು ವಾರ ಬೆಳಗಿನ ಪಾಳಿ, ಮುಂದಿನ ವಾರ ಸಂಜೆಯದು, ಆಮೇಲೆ ರಾತ್ರಿಯದು. ರಾತ್ರಿ ಪಾಳಿ ಮುಗಿಸಿ ಸೂರ್ಯನ ಜೊತೆಗೇ ಮನೆ ಹೊಕ್ಕವನಿಗೆ ಆ ಬೆಳಗು ಹೊಸ ದಿನವಲ್ಲ, ನಿನ್ನೆಯ ಬಾಲ. ಮಲಗಿ ಎದ್ದರೆ ಮಾತ್ರ ನಾಳೆ. ಅವನ ಹೆಂಡತಿಗಾದರೋ, ಲೋಕಕ್ಕೆಲ್ಲ ಇರುವ ಹಾಗೆ, ಬೆಳಕು ಹರಿದರೆ ನಾಳೆ. ಮದುವೆಯ ಹೊಸತರಲ್ಲಿ ಒಂದು ಬೆಳಿಗ್ಗೆ ಅವನು ಹಾಸಿಗೆಗೆ ಬೀಳುತ್ತಾ ನಾಳೆ ಪೇಟೆಗೆ ಹೋಗೋಣ ಎಂದಿದ್ದ. ಅವಳು ಮರುದಿನಕ್ಕೆಂದು ಬಟ್ಟೆ ಇಸ್ತ್ರಿ ಮಾಡಿಟ್ಟಳು. ಅವನು ಅದೇ ಮಧ್ಯಾಹ್ನ ಎದ್ದು, ತಲೆ ಬಾಚಿಕೊಂಡು, ಬಾಗಿಲಲ್ಲಿ ನಿಂತು ಕಾದ. ಆ ದಿನದ ಜಗಳದಲ್ಲಿ ಹುಟ್ಟಿದ್ದು ಈ ಪ್ರಶ್ನೆ.

ಅವಳನ್ನು ಓಣಿಯವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದರು. ನಾವೂ ಹಾಗೇ ಕರೆದರೆ ತಪ್ಪಿಲ್ಲ.

ಕುಲುಮೆಯವರ ನಡುವೆ ಅಕ್ಕನ ಗಂಡನ ಅಡ್ಡಹೆಸರು ಗೂಬೆ. ಬೇರೆ ಯಾರಿಗಾದರೂ ಅದು ಬೈಗುಳ, ಅವನಿಗೆ ಬಿರುದು. ಜೊತೆಯವರು ಒಬ್ಬೊಬ್ಬರಾಗಿ ಹೊಟ್ಟೆಹುಣ್ಣು, ತಲೆನೋವು, ಹೆಂಡತಿಯ ಕಾಟ ಎಂದು ಪಾಳಿಯಿಂದ ತಪ್ಪಿಸಿಕೊಂಡು ಹೋದರೂ ಇವನು ಕಂಬದ ಹಾಗೆ ನಿಂತಿದ್ದ. ಬೆಳಿಗ್ಗೆ ಬಂದು ಕೈಕಾಲು ತೊಳೆದು, ಒಂದು ಲೋಟ ಹಾಲು ಕುಡಿದು, ದಿಂಬಿಗೆ ತಲೆ ತಾಗುವ ಮೊದಲೇ ಗೊರಕೆ. ಗುಟ್ಟೇನು ಎಂದು ಕೇಳಿದವರಿಗೆಲ್ಲ ಅವನ ಉತ್ತರ ಒಂದೇ: ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.

ಅಕ್ಕ ಈ ಮಾತು ಕೇಳಿದಾಗೆಲ್ಲ ಒಳಗೊಳಗೇ ನಗುತ್ತಿದ್ದಳು. ಸಂತೆಯನ್ನು ಹತ್ತಿರ ಸುಳಿಯದಂತೆ ಇಟ್ಟವಳು ಅವಳು. ಬಾಗಿಲ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿದ್ದಳು. ಕೀಲುಗಳಿಗೆ ತಿಂಗಳಿಗೊಮ್ಮೆ ಎಣ್ಣೆ. ಮಲಗುವ ಕೋಣೆಯ ಕಿಟಕಿಗೆ ಎರಡು ಪದರದ ಕಡುನೀಲಿ ಪರದೆ. ಪಾತ್ರೆಗಳನ್ನು ಒಂದರ ಮೇಲೊಂದು ಇಡುವಾಗ ನಡುವೆ ಒಂದು ಹಳೇ ಬಟ್ಟೆ. ಅವನು ಮಲಗಿರುವಾಗ ಬಟ್ಟೆ ಒಗೆಯುತ್ತಿರಲಿಲ್ಲ, ಕುಟ್ಟುತ್ತಿರಲಿಲ್ಲ, ಅರೆಯುತ್ತಿರಲಿಲ್ಲ, ಕೆಮ್ಮು ಬಂದರೆ ಹಿತ್ತಲಿಗೆ ಹೋಗಿ ಕೆಮ್ಮುತ್ತಿದ್ದಳು. ನಿಮ್ಮ ಮನೆ ಬೆಕ್ಕೂ ಅಪ್ಪಣೆ ಕೇಳಿ ಮಿಯಾಂವ್ ಅನ್ನುತ್ತೆ ಎಂದು ಪಕ್ಕದ ಮನೆಯ ಟೈಲರ್ ಹೇಳುತ್ತಿದ್ದ. ಆಮೇಲೆ ಮಗಳು ಹುಟ್ಟಿದಳು. ಅವಳಂತೂ ಮಾತು ಕಲಿಯುವ ಮೊದಲು ಪಿಸುಮಾತು ಕಲಿತಳು. ಏಳು ವರ್ಷದ ಹುಡುಗಿ ಬಿದ್ದು ಮೊಣಕಾಲು ತರಚಿಕೊಂಡರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳುತ್ತಿದ್ದಳು. ಗಟ್ಟಿಯಾಗಿ ಓದು ಅಂದರೆ ತುಟಿ ಮಾತ್ರ ಆಡುತ್ತೆ, ಒಮ್ಮೆ ಕಿವಿ ತೋರಿಸಿ ಎಂದು ಶಾಲೆಯಿಂದ ಹೇಳಿ ಕಳಿಸಿದ್ದರು. ತೋರಿಸಿದ್ದಾಯಿತು. ಕಿವಿ ಚೆನ್ನಾಗಿತ್ತು.

ಗಂಡನ ನಿದ್ದೆ ತನ್ನ ಕೈಕೆಲಸ ಎಂಬುದು ಅಕ್ಕನ ನಂಬಿಕೆ. ಅದನ್ನವಳು ಯಾರಿಗೂ ಹೇಳಿರಲಿಲ್ಲ; ಹೇಳದೆ ಇದ್ದುದರಿಂದಲೇ ಅದು ಅಷ್ಟು ಗಟ್ಟಿಯಾಗಿತ್ತು.

ಎರಡು ವರ್ಷದ ಕೆಳಗೆ ಅವಳ ತಮ್ಮ ಇವರ ಮನೆಗೆ ಬಂದ. ತಾಯಿ ತೀರಿಕೊಂಡಾಗ ಅವನಿನ್ನೂ ತೊದಲುತ್ತಿದ್ದ, ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕನೇ. ತವರು ಅಂತ ಅವಳಿಗೆ ಉಳಿದಿದ್ದದ್ದು ಅವನೊಬ್ಬ. ಚಿಕ್ಕಂದಿನಿಂದಲೂ ಕತ್ತಲು ಕರಗುವ ಮೊದಲೇ ಕಣ್ಣು ಬಿಡುತ್ತಿದ್ದ, ಸಂಜೆಯ ದೀಪ ಹಚ್ಚುವಷ್ಟರಲ್ಲಿ ತೂಕಡಿಸುತ್ತಿದ್ದ. ಅದಕ್ಕೇ ಅವಳು ಅವನನ್ನು ಕೋಳಿ ಎಂದು ಕರೆಯುತ್ತಿದ್ದಳು. ಬೆಳೆದು ಮೀಸೆ ಬಂದ ಮೇಲೂ ಮುದ್ದು ಬಂದಾಗ ಅದೇ ಹೆಸರು. ಭಾವನ ಮಾತಿನ ಮೇಲೆ ಅವನಿಗೂ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಬಿಳಿ ಬೆಳಕಿನ ಪರದೆಯ ಮುಂದೆ ಕೂತು, ಸಾಲಾಗಿ ಹಾದುಹೋಗುವ ಬಾಟಲಿಗಳಲ್ಲಿ ಸೀಳು, ಗುಳ್ಳೆ, ಕೊಂಕು ಇದ್ದದ್ದನ್ನು ಆರಿಸಿ ತೆಗೆಯುವ ಕೆಲಸ. ಅದಕ್ಕೂ ಮೂರು ಪಾಳಿ. ಭಾವ ಒಂದು ಪಾಳಿಯಲ್ಲಿದ್ದರೆ ಭಾಮೈದ ಇನ್ನೊಂದರಲ್ಲಿ. ಎಷ್ಟೋ ವಾರ ಒಂದೇ ಮನೆಯಲ್ಲಿದ್ದೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಅಂಚೆ ಅಕ್ಕನೇ.

ಗಂಡನಿಗೆ ಮಾಡಿದ್ದನ್ನೆಲ್ಲ ಅವಳು ತಮ್ಮನಿಗೂ ಮಾಡಿದಳು. ಹಿಂದಿನ ಕೋಣೆಗೂ ಅದೇ ಬಟ್ಟೆಯ ಎರಡು ಪದರದ ಪರದೆ. ಅದೇ ಹಾಲು, ಅದೇ ಮೌನ. ತಮ್ಮನ ಕೋಣೆ ಬೀದಿಯಿಂದ ಇನ್ನೂ ದೂರ; ನಿಜ ಹೇಳಬೇಕೆಂದರೆ ಅನುಕೂಲ ಅವನದೇ ಒಂದು ಕೈ ಮೇಲಿತ್ತು. ಒಂದೇ ಮಣ್ಣು, ಒಂದೇ ನೀರು, ಒಂದು ಗಿಡ ಚಿಗುರಿತು, ಇನ್ನೊಂದು ಬಾಡಿತು. ಗಂಡನ ಗೊರಕೆ ಕೇಳುತ್ತಾ ಅವಳು ಹಿಂದಿನ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟರೆ ಅಲ್ಲಿ ಮಂಚದ ಹಲಗೆ ಕಿರುಗುಟ್ಟುವ ಸದ್ದು. ಹೊರಳುತ್ತಿದ್ದಾನೆ. ಒಂದೆರಡು ಗಂಟೆ ಕಣ್ಣು ಮುಚ್ಚಿದರೆ ಹೆಚ್ಚು. ಆಮೇಲೆ ಎದ್ದು ಮಂಚದ ಅಂಚಿನಲ್ಲಿ ಕೂತು ಪರದೆಯ ಸಂದಿಯಿಂದ ಬಂದ ಬಿಸಿಲ ಗೆರೆಯನ್ನು ನೋಡುತ್ತಿರುವುದು. ಊಟ ಸೇರುತ್ತಿರಲಿಲ್ಲ. ಶರ್ಟಿನ ಕತ್ತು ಸಡಿಲವಾಯಿತು.

“ನನಗೆ ನಾಳೆ ಆಗೋದೇ ಇಲ್ಲ ಅಕ್ಕ,” ಎಂದ ಒಂದು ಬೆಳಿಗ್ಗೆ, ನಗುತ್ತಲೇ. “ನಿಮಗೆಲ್ಲ ಗುರುವಾರ, ಶುಕ್ರವಾರ. ನನಗೆ ಹೋದ ಸೋಮವಾರವೇ ಇನ್ನೂ ಮುಗಿದಿಲ್ಲ.”

ಅಕ್ಕ ಅವನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋದಳು. ವೈದ್ಯೆ ತಾಳ್ಮೆಯವಳು. ಪ್ರತಿ ಮೈಯೊಳಗೂ ಒಂದು ಗಡಿಯಾರ ಇರುತ್ತದೆ, ಅದಕ್ಕೆ ಕೀಲಿ ಕೊಡುವುದು ಬೆಳಕು ಎಂದಳು. ಕೆಲವರ ಗಡಿಯಾರದ ಮುಳ್ಳನ್ನು ಹಿಂದೆ ಮುಂದೆ ತಿರುಗಿಸಬಹುದು, ಕೆಲವರದು ಜಪ್ಪಯ್ಯ ಅಂದರೂ ಜರುಗುವುದಿಲ್ಲ. ಬೆಳಗಿನ ಜೀವಗಳಿಗೆ ರಾತ್ರಿ ಪಾಳಿ ಹೆಚ್ಚು ಕಷ್ಟ. ವಯಸ್ಸು, ಮನೆಯ ಸದ್ದು, ಮನಸ್ಸಿನ ಭಾರ ಎಲ್ಲವೂ ಸೇರಿಕೊಳ್ಳುತ್ತವೆ, ಯಾವುದರ ಪಾಲು ಎಷ್ಟು ಎಂದು ಹೇಳುವುದು ಕಷ್ಟ ಎಂದೂ ಸೇರಿಸಿದಳು. ಔಷಧಿಗಿಂತ ಹಗಲು ಕೆಲಸ ಒಳ್ಳೆಯದು. ಇಷ್ಟರಲ್ಲಿ ಅಕ್ಕನ ಮನಸ್ಸಿನಲ್ಲಿ ನಿಂತದ್ದು ಕೊನೆಯ ಮಾತೊಂದೇ. ಹಗಲು ಕೆಲಸ ಸಿಕ್ಕರೆ ತಮ್ಮ ಉಳಿಯುತ್ತಾನೆ, ಇಲ್ಲದಿದ್ದರೆ ಕೆಲಸ ಬಿಟ್ಟು ಎಲ್ಲಿಗಾದರೂ ಹೋಗುತ್ತಾನೆ, ಅಥವಾ ಇಲ್ಲೇ ಕಣ್ಣೆದುರಿಗೇ ಕರಗಿ ಹೋಗುತ್ತಾನೆ.

ಕಾರ್ಖಾನೆಯಲ್ಲಿ ಹಗಲು ಮಾತ್ರ ನಡೆಯುವ ಜಾಗ ಒಂದಿತ್ತು: ಅಚ್ಚುಕೋಣೆ. ಬಾಟಲಿಯ ಕಬ್ಬಿಣದ ಅಚ್ಚುಗಳನ್ನು ಉಜ್ಜಿ ಸರಿಮಾಡುವ ಕೆಲಸ. ಅಲ್ಲಿನ ಮುದುಕನೊಬ್ಬ ಆ ವರ್ಷ ನಿವೃತ್ತನಾಗುವವನಿದ್ದ. ಆದರೆ ಅಡ್ಡ ನಿಂತವನು ಸ್ವತಃ ಗಂಡನೇ. ಹಿಂದೊಮ್ಮೆ ಅಚ್ಚುಕೋಣೆಯ ಮೇಲ್ವಿಚಾರಕ ತಾನಾಗಿ ಕೇಳಿದ್ದಾಗ, ಬೇಡ, ಹುಡುಗ ಇನ್ನೂ ಹಸಿ ಮಡಕೆ, ಆವಿಗೆಯಲ್ಲಿ ಬೇಯಲಿ ಬಿಡಿ ಎಂದುಬಿಟ್ಟಿದ್ದ. ಕೆಟ್ಟ ಮನಸ್ಸಿನಿಂದಲ್ಲ. ತನಗೆ ಒಗ್ಗಿದ್ದು ಊರಿಗೆಲ್ಲ ಒಗ್ಗುತ್ತದೆ ಎಂದು ಅವನು ನಿಜವಾಗಿಯೂ ನಂಬಿದ್ದ. ಉದ್ದ ಇದ್ದವನು ಕುಳ್ಳನಿಗೆ ಸ್ವಲ್ಪ ಮನಸ್ಸು ಮಾಡು, ಕೈಗೆಟುಕುತ್ತೆ ಎನ್ನುವ ಹಾಗೆ.

ಅವನ ಮನಸ್ಸು ತಿರುಗಿದ್ದು ಅಕ್ಕನ ಮಾತಿನಿಂದಲ್ಲ, ಒಂದು ಬಾಟಲಿಯಿಂದ. ಒಂದು ದಿನ ಜೊತೆಯವನೊಬ್ಬ ಬಾರದೆ ಇದ್ದುದರಿಂದ ಎರಡನೇ ಪಾಳಿಗೂ ನಿಂತಿದ್ದ ಗಂಡ ಮನೆಗೆ ಬಂದು, ಚೀಲದಿಂದ ಒಂದು ಖಾಲಿ ಬಾಟಲಿ ತೆಗೆದು ಅಡುಗೆಮನೆಯ ಕಿಟಕಿಯಲ್ಲಿಟ್ಟ. ಬೆಳಕು ಬಿದ್ದಾಗ ಅಕ್ಕನಿಗೆ ಕಾಣಿಸಿತು: ಒಳಗೆ, ಒಂದು ಗೋಡೆಯಿಂದ ಎದುರು ಗೋಡೆಗೆ, ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಜೋತಾಡುತ್ತಿತ್ತು. ಕಾರ್ಖಾನೆಯವರು ಇದನ್ನು ಜೋಕಾಲಿ ಎನ್ನುತ್ತಾರೆ. ಮುದ್ದಾದ ಹೆಸರು, ನೋಡಲೂ ಮುದ್ದಾದ ವಸ್ತು. ಆದರೆ ಬಾಟಲಿ ತುಂಬಿಸಿದಾಗ ಆ ಎಳೆ ಮುರಿದು ಯಾರದೋ ಗಂಟಲಿಗೆ ಇಳಿಯುತ್ತದೆ. ಆರಿಸುವವರು ಬೇರೆ ಏನನ್ನು ಬಿಟ್ಟರೂ ಜೋಕಾಲಿಯನ್ನು ಬಿಡುವಂತಿಲ್ಲ.

“ನಿನ್ನ ತಮ್ಮ ಇದನ್ನ ನೋಡ್ತಾನೇ ಕೂತಿದ್ದ,” ಎಂದ ಗಂಡ. “ಕಣ್ಣು ತೆರೆದೇ ಇತ್ತು. ಬಾಟಲಿ ಮುಂದೆ ಹೋಯ್ತು. ನಾನು ಹಿಂದೆ ನಿಂತಿದ್ದೆ, ಅದೂ ಅವನಿಗೆ ಗೊತ್ತಾಗಲಿಲ್ಲ.” ಬಾಟಲಿಯನ್ನು ಬೆಳಕಿಗೆ ತಿರುಗಿಸಿಟ್ಟು, “ಇದು ಸೋಮಾರಿತನ ಅಲ್ಲ ಕಣೇ. ನಾನು ತಪ್ಪು ತಿಳ್ಕೊಂಡಿದ್ದೆ. ಆ ಮುದುಕ ಬಿಡೋ ವಾರ ಅಚ್ಚುಕೋಣೆಗೆ ಹೋಗಿ ಹೇಳ್ತೀನಿ,” ಎಂದ.

ಅಂದು ಅಕ್ಕ ಹಿತ್ತಲಿಗೆ ಹೋಗಿ ಕೆಮ್ಮಲಿಲ್ಲ, ಅತ್ತಳು.

ಮುದುಕ ನಿವೃತ್ತನಾಗುವ ವಾರ ಬಂತು. ಆ ವಾರ ಗಂಡನದು ಬೆಳಗಿನ ಪಾಳಿ, ತಮ್ಮನದು ಸಂಜೆಯದು. ಬುಧವಾರ ಚಹಾದ ಹೊತ್ತಿಗೆ ಮೇಲ್ವಿಚಾರಕ ತಮ್ಮನನ್ನು ಕರೆಸಿದ. ಇನ್ನೊಬ್ಬ ಹುಡುಗನೂ ಕೇಳುತ್ತಿದ್ದಾನೆ, ನನಗೇನೂ ನಿನ್ನ ಮೇಲೆ ಬೇಸರವಿಲ್ಲ, ಆದರೆ ಬೇಡ ಎಂದವರು ನಿನ್ನ ಭಾವ, ಬೇಕು ಎಂಬ ಮಾತೂ ಅವರ ಬಾಯಿಂದಲೇ ಬರಬೇಕು ಎಂದ. ನಾಳೆ ಸಂಜೆ ಐದರೊಳಗೆ ಬಂದು ಹೇಳಿದರೆ ಕೆಲಸ ನಿನ್ನದು. ತಮ್ಮನಿಗೆ ಓಡಿಹೋಗಿ ಅಕ್ಕನಿಗೆ ಹೇಳುವ ಆಸೆ. ಆದರೆ ಆ ರಾತ್ರಿ ಒಬ್ಬ ಬರಲಿಲ್ಲವೆಂದು ಇವನನ್ನೇ ರಾತ್ರಿ ಪಾಳಿಗೂ ಕೂರಿಸಿದರು.

ಗುರುವಾರ ಬೆಳಿಗ್ಗೆ ಅವನು ಬಂದಾಗ ಭಾವ ಆಗಲೇ ಕೆಲಸಕ್ಕೆ ಹೋಗಿದ್ದ. ಕುಲುಮೆಯವರ ಗೇಟೇ ಬೇರೆ, ದಾರಿಯಲ್ಲೂ ಸಿಗಲಿಲ್ಲ. ಅಕ್ಕ ಮಗಳ ತಲೆ ಬಾಚುತ್ತಿದ್ದಳು. ತಮ್ಮ ಹೊಸ್ತಿಲಲ್ಲೇ ನಿಂತು, ಮುಖವೆಲ್ಲ ಬೂದಿ ಬಣ್ಣ, ಆದರೂ ನಗುತ್ತಾ, “ಅಕ್ಕ, ಸಿಕ್ಕ ಹಾಗೇನೇ. ನಾಳೆ ಸಂಜೆ ಐದರೊಳಗೆ ಭಾವ ಹೋಗಿ ಒಂದು ಮಾತು ಹೇಳಿದ್ರೆ ಸಾಕಂತೆ,” ಎಂದ.

ಅಕ್ಕ ಬಾಚಣಿಗೆ ಕೈಬಿಟ್ಟು ಎದ್ದು ಬಂದು ತಮ್ಮನ ಕೆನ್ನೆ ಸವರಿದಳು. ಕೋಳಿಗೆ ಇನ್ನು ಮೇಲೆ ಹಗಲು, ಎಂದಳು. ಮಗಳು ಪಿಸುದನಿಯಲ್ಲಿ ಕೊಕ್ಕೊಕ್ಕೋ ಎಂದಳು. ಮೂವರೂ ನಕ್ಕರು. ಆ ನಗುವಿನ ನಡುವೆ, ಆ ಮನೆಯಲ್ಲಿ ಯಾವತ್ತೂ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ತಮ್ಮ ಬುಧವಾರದಿಂದ ಕಣ್ಣು ಮುಚ್ಚಿರಲಿಲ್ಲ. ಅವನ ಪಾಲಿಗೆ ಅದಿನ್ನೂ ಬುಧವಾರವೇ; ಮೇಲ್ವಿಚಾರಕ ಕೊಟ್ಟ ‘ನಾಳೆ’ಯನ್ನು ಅವನು ಕೆಡದಂತೆ, ಹಾಗೆಯೇ ತಂದು ಅಕ್ಕನ ಕೈಗಿಟ್ಟಿದ್ದ. ಅಕ್ಕನ ಪಾಲಿಗೆ ಗುರುವಾರದ ಬಿಸಿಲು ಅಂಗಳಕ್ಕೆ ಬಿದ್ದಿತ್ತು; ಅವಳ ನಾಳೆ ಶುಕ್ರವಾರ.

ಮಧ್ಯಾಹ್ನ ತಮ್ಮ ನಿದ್ದೆಯಿಲ್ಲದೆಯೇ ಎದ್ದು ಮತ್ತೆ ಕೆಲಸಕ್ಕೆ ಹೋದ. ಅವನು ಅತ್ತ ಹೋದ, ಗಂಡ ಇತ್ತ ಬಂದ. ಊಟ ಬಡಿಸುತ್ತಾ ಅಕ್ಕ ವಿಷಯ ಹೇಳಿದಳು: ನಾಳೆ ಐದರೊಳಗೆ. ಬೆಳಗಿನ ಪಾಳಿಯ ವಾರದಲ್ಲಿ ಗಂಡ ಹೆಂಡತಿ ಇಬ್ಬರ ನಾಳೆಯೂ ಒಂದೇ ಆಗಿದ್ದುದರಿಂದ ಅವನೂ ಕೇಳಲಿಲ್ಲ. ನಾಳೆ ಪಾಳಿ ಮುಗಿಸಿ ನೇರ ಅವನ ಮೇಜಿನ ಮುಂದೆ ನಿಲ್ಲುತ್ತೇನೆ, ಬೇಕಾದರೆ ಕಿವಿ ಹಿಡಿದುಕೊಳ್ಳುತ್ತೇನೆ ಎಂದು ಉತ್ಸಾಹದಿಂದಲೇ ಹೇಳಿದ. ಆಮೇಲೆ ಕುರ್ಚಿಯಲ್ಲಿ ಕೂತು ಕಿತ್ತುಹೋದ ಬೂಟಿಗೆ ಹೊಲಿಗೆ ಹಾಕಿದ. ಐದು ಗಂಟೆ ಆಯಿತು. ಅಕ್ಕ ಅಂಗಳದಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು.

ರಾತ್ರಿ ತಮ್ಮ ಬಂದಾಗ ಗಂಡ ಮಲಗಿದ್ದ. ಅಕ್ಕ ಊಟಕ್ಕೆ ಕೂರಿಸಿದಳು.

“ಭಾವ ಹೋಗಿದ್ರಾ?” ಎಂದು ತಮ್ಮ ಮೆಲ್ಲಗೆ ಕೇಳಿದ.

“ನಾಳೆ ಹೋಗ್ತಾರೆ. ಪಾಳಿ ಮುಗಿಸಿ ಅಲ್ಲಿಂದಲೇ.”

ತಮ್ಮನ ಕೈ ತಟ್ಟೆಯ ಮೇಲೆ ನಿಂತಿತು. “ಯಾರ ನಾಳೆ ಅಕ್ಕ?”

ಅವಳು ಅವನ ಮುಖ ನೋಡಿದಳು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವಳು ಗಂಡನ ಕೋಣೆಯತ್ತ ಎರಡು ಹೆಜ್ಜೆ ಇಟ್ಟಳು, ಬಾಗಿಲಿಗೆ ಕೈ ಚಾಚಿದಳು, ಅಲ್ಲೇ ನಿಂತಳು. ಇಷ್ಟು ವರ್ಷದಲ್ಲಿ ಆ ನಿದ್ದೆಯನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ. ಮುರಿದೂ ಈಗ ಪ್ರಯೋಜನವಿಲ್ಲ. ಅಚ್ಚುಕೋಣೆಗೆ ಬೀಗ ಬಿದ್ದು ಎಷ್ಟೋ ಹೊತ್ತಾಗಿತ್ತು. ಹಿಂದೆ ತಮ್ಮ ಎದ್ದು ಕೈ ತೊಳೆಯುವ ಸದ್ದು ಕೇಳಿಸಿತು. ಹೋಗಲಿ ಬಿಡು ಅಕ್ಕ, ಬೆಳಿಗ್ಗೆ ಹೋದರೂ ಕೇಳಬಹುದು ಎಂದು ಅವನೇ ಸಮಾಧಾನ ಹೇಳಿದ.

ಶುಕ್ರವಾರ ಬೆಳಿಗ್ಗೆ ಅಕ್ಕನಿಂದ ವಿಷಯ ತಿಳಿದ ಗಂಡ, ಅಚ್ಚುಕೋಣೆ ತೆರೆಯುವ ಹೊತ್ತಿಗೆ ಕುಲುಮೆಯನ್ನು ಜೊತೆಯವನಿಗೆ ಒಪ್ಪಿಸಿ ಹೋಗಿ ಅದರ ಮುಂದೆ ನಿಂತ. ಮೇಲ್ವಿಚಾರಕನಿಗೂ ಪಾಪ ಅನ್ನಿಸಿತು. ಐದೂವರೆಯವರೆಗೆ ಕಾದೆ, ನೀವು ಬರದಿದ್ದುದು ನೋಡಿ ಹಳೇ ಮಾತೇ ನಿಂತಿದೆ ಅಂದುಕೊಂಡೆ, ಇನ್ನೊಬ್ಬನಿಗೆ ಮಾತು ಕೊಟ್ಟಾಯಿತು ಎಂದ. ಆ ಇನ್ನೊಬ್ಬ ಆಗಲೇ ತೋಳು ಮಡಚಿ ಅಚ್ಚು ಉಜ್ಜಲು ಕೂತಿದ್ದ. ಗಂಡ ಮನೆಗೆ ಬಂದು ಇದನ್ನು ಹೇಳಿ, ಅಕ್ಕನನ್ನೂ ಬೈಯಲಿಲ್ಲ, ಭಾಮೈದನನ್ನೂ ಬೈಯಲಿಲ್ಲ. ಕಿಟಕಿಯಲ್ಲಿದ್ದ ಬಾಟಲಿಯನ್ನು ನೋಡುತ್ತಾ ಕೂತ. ಯಾರಾದರೂ ಯಾರನ್ನಾದರೂ ಬೈದಿದ್ದರೆ ಅಕ್ಕನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಹೋಗಲಿ ಎಂದು ತಮ್ಮ ಮತ್ತೊಂದು ಸುತ್ತು ಪಾಳಿ ಮಾಡಿದ. ಒಂದು ಬೆಳಿಗ್ಗೆ ಮೂರು ರಸ್ತೆ ಕೂಡುವಲ್ಲಿ ಮನೆ ಯಾವ ಕಡೆ ಎಂದು ಗೊತ್ತಾಗದೆ ಬಹಳ ಹೊತ್ತು ನಿಂತಿದ್ದನಂತೆ. ಟೈಲರ್ ಕೈಹಿಡಿದು ಕರೆತಂದ. ಮಾರನೆಯ ದಿನ ತಮ್ಮ ತಾನಾಗಿಯೇ ಕೆಲಸ ಬಿಟ್ಟ. ಇನ್ನೊಂದು ಜೋಕಾಲಿ ಬಿಟ್ಟು ಯಾರದೋ ಗಂಟಲು ಕೊಯ್ಯಲಾರೆ ಎಂದ. ಆಮೇಲೆ ಎರಡು ರಾತ್ರಿ ಎರಡು ಹಗಲು ಅವನು ಮಲಗಿದ್ದೇ ಮಲಗಿದ್ದು. ಎದ್ದಾಗ ಮುಖಕ್ಕೆ ಹಳೆಯ ಬಣ್ಣ ಸ್ವಲ್ಪ ಬಂದಿತ್ತು. ಎಷ್ಟೋ ದೂರದ ಬಂದರಿನ ಊರಲ್ಲಿ, ಸಸಿ ಬೆಳೆಸಿ ಮಾರುವವನೊಬ್ಬ ಹಗಲಾಳು ಬೇಕೆಂದಿದ್ದನಂತೆ. ಹೋದರೆ ವರ್ಷಕ್ಕೊಮ್ಮೆ ಬಂದರೂ ಹೆಚ್ಚು. ಅಕ್ಕ ಬೇಡ ಎನ್ನಲಿಲ್ಲ. ಯಾವ ಬಾಯಿಂದ ಅಂದಾಳು?

ಅವನು ಹೊರಡುವ ಹೊತ್ತಿಗೆ ಗಂಡನಿಗೆ ರಾತ್ರಿ ಪಾಳಿ ಬಂದಿತ್ತು. ಹಿಂದಿನ ಸಂಜೆ ಕೆಲಸಕ್ಕೆ ಹೊರಡುತ್ತಾ, ನಾಳೆ ಬಸ್ಸಿಗೆ ನಾನೇ ಬಿಡ್ತೀನಿ ಎಂದ. ಯಾರ ನಾಳೆ ಎಂದು ತಮ್ಮ ನಗಿಸಲು ಕೇಳಿದ. ಯಾರೂ ನಗಲಿಲ್ಲ.

ಮರುದಿನ ಮಧ್ಯಾಹ್ನ ಗಂಡ ಗಾಢ ನಿದ್ದೆಯಲ್ಲಿದ್ದ. ಎಬ್ಬಿಸುತ್ತೇನೆ ಎಂದು ಅಕ್ಕ ಎದ್ದಾಗ ತಮ್ಮನೇ ತಡೆದ. ಒಬ್ಬರಾದರೂ ಮಲಗಲಿ ಅಕ್ಕ, ಎಂದ. ಚೀಲ ಹೆಗಲಿಗೇರಿಸಿ, ಹುಡುಗಿಯ ಕೆನ್ನೆ ಹಿಂಡಿ, ಅಕ್ಕನ ಕಾಲು ಮುಟ್ಟಲು ಬಗ್ಗಿದವನನ್ನು ಅವಳು ಅರ್ಧದಲ್ಲೇ ಹಿಡಿದೆತ್ತಿದಳು. ಓಣಿ ಉದ್ದಕ್ಕೂ ಅವನು ತಿರುಗಿ ನೋಡದೆ ನಡೆದ. ತಿರುವಿನ ಹತ್ತಿರ ಹೋದಾಗ, ಗೇಟಿನ ಸರಳು ಹಿಡಿದು ನಿಂತಿದ್ದ ಹುಡುಗಿ ಒಮ್ಮೆಲೇ ಎದೆ ತುಂಬಾ ಉಸಿರೆಳೆದುಕೊಂಡಳು.

“ಮಾಮಾ!”

ಅದು ಎಂಥ ಕೂಗು ಎಂದರೆ, ಟೈಲರ್ ಹೊಲಿಗೆ ನಿಲ್ಲಿಸಿ ಹೊರಗೆ ಬಂದ. ಎದುರು ಮನೆಯ ಕಿಟಕಿ ತೆರೆಯಿತು. ಅಕ್ಕನ ಕೈ ಅಭ್ಯಾಸದಿಂದ ಮಗಳ ಬಾಯಿಯತ್ತ ಹೋಯಿತು, ನಡುವೆಯೇ ನಿಂತಿತು. ತಿರುವಿನಲ್ಲಿ ತಮ್ಮ ತಿರುಗಿದ. ಕೇಳಿಸಲಿಲ್ಲ ಎನ್ನುವಂತೆ ಕಿವಿಗೆ ಕೈ ಹಚ್ಚಿ ನಿಂತ. ಹುಡುಗಿ ಮತ್ತೆ ಕೂಗಿದಳು, ಮತ್ತೆ ಕೂಗಿದಳು, ಅವನು ಮರೆಯಾದ ಮೇಲೂ ಕೂಗಿದಳು.

ಅಕ್ಕ ಒಳಗೆ ಓಡಿದಳು. ಬೈಗುಳಕ್ಕೆ ಸಿದ್ಧವಾಗಿ, ಕೋಣೆಯ ಬಾಗಿಲು ತಳ್ಳಿದಳು. ಗಂಡ ಬೆನ್ನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಅವಳು ಅಲ್ಲೇ ನಿಂತು ನೋಡಿದಳು. ಆಮೇಲೆ ಮುಂಬಾಗಿಲಿಗೆ ಹೋಗಿ, ಗಂಟೆಯ ನಾಲಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬಾರಿಸಿದಳು. ಹಿಂತಿರುಗಿ ಬಂದು ನೋಡಿದರೆ ಗೊರಕೆಯ ಲಯ ತಪ್ಪಿರಲಿಲ್ಲ. ಅಡುಗೆಮನೆಯಿಂದ ದೊಡ್ಡ ಪಾತ್ರೆಯ ಮುಚ್ಚಳ ತಂದು ಕೋಣೆಯ ಹೊಸ್ತಿಲ ಮೇಲೆ ಕೈಬಿಟ್ಟಳು. ಅದು ಗಿರಗಿರ ತಿರುಗಿ, ಗಲಗಲ ಎಂದು, ಕೊನೆಗೆ ತಣ್ಣಗಾಯಿತು. ಗಂಡ ಮಗ್ಗುಲು ಬದಲಿಸಿ, ದಿಂಬನ್ನು ಅಪ್ಪಿಕೊಂಡು, ನಿದ್ದೆ ಮುಂದುವರಿಸಿದ.

ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದುಕೊಂಡಿದ್ದ ಮುದುಕಿಯ ಕಥೆಯನ್ನು ಅವಳು ತಮ್ಮನಿಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದಳೋ. ಅವಳು ಮುಚ್ಚಳವನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತಳು.

ಇಳಿಹೊತ್ತಿಗೆ ಗಂಡ ಕಣ್ಣುಜ್ಜುತ್ತಾ ಎದ್ದು ಬಂದ. ಹಿಂದಿನ ಕೋಣೆಯ ಬಾಗಿಲು ಹಾರು ಹೊಡೆದಿದ್ದನ್ನು ನೋಡಿ ಪೆಚ್ಚಾದ. ಹೋಗೇಬಿಟ್ಟನೇ, ಎಬ್ಬಿಸಬಾರದಿತ್ತೇ ಎಂದು ಕೇಳಿದ. ಏನೂ ಕೇಳಿಸಲಿಲ್ಲವೇ ಎಂದು ಅಕ್ಕ ಕೇಳಿದಳು. ಏನು ಕೇಳಿಸಬೇಕಿತ್ತು ಎಂದು ಅವನು ಅವಳ ಮುಖ ನೋಡಿದ. ಏನಿಲ್ಲ ಎಂದು ಅವಳು ಚಹಾಕ್ಕೆ ನೀರಿಟ್ಟಳು. ಅವನು ಚಹಾ ಕುಡಿದು, ಬೂಟು ಮೆಟ್ಟಿ ಬಸ್ ನಿಲ್ದಾಣದ ಕಡೆ ಹೋದ. ಬಸ್ಸು ಹೋಗಿ ಆಗಲೇ ಎಷ್ಟೋ ಹೊತ್ತಾಗಿದೆ ಎಂದು ಗೊತ್ತಿದ್ದೂ.

ಮಗಳು ಬಂದು ಅಮ್ಮನ ಪಕ್ಕ ನಿಂತಳು. ಕಿಟಕಿಯಲ್ಲಿ ಬಾಟಲಿಯೊಳಗಿನ ಎಳೆ ಇಳಿಬಿಸಿಲಿಗೆ ಮಿನುಗುತ್ತಿತ್ತು. ಹುಡುಗಿ ಏನೋ ಕೇಳಿದಳು, ಅಕ್ಕನಿಗೆ ಕೇಳಿಸಲಿಲ್ಲ.

“ಗಟ್ಟಿಯಾಗಿ ಹೇಳು ಮಗ,” ಎಂದಳು. “ಆಗ ಕೂಗಿದೆಯಲ್ಲ, ಹಾಗೆ. ಇನ್ನು ಮೇಲೆ ಗಟ್ಟಿಯಾಗಿ ಮಾತಾಡಬಹುದು.”

ಹುಡುಗಿ ಅಪ್ಪನ ಕೋಣೆಯ ಬಾಗಿಲನ್ನು ಒಮ್ಮೆ ನೋಡಿದಳು. ಒಳಗೆ ಯಾರೂ ಇರಲಿಲ್ಲ. ಆದರೂ ಅಮ್ಮನ ಕಿವಿಯ ಹತ್ತಿರ ಬಾಯಿ ತಂದು, ಕೈ ಅಡ್ಡ ಹಿಡಿದು, ಮೊದಲಿನ ಪಿಸುದನಿಯಲ್ಲೇ ಕೇಳಿದಳು:

“ಮಾಮ ನಾಳೆ ಬರ್ತಾನಾ?”